ಸೇವಾ ನಾಯಿಗೆ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ ಅಂತ ಕೇಳೋರಿಗೆ

ಮಂಡ್ಯ ಕಡೆಯ ಒಬ್ರು ತಾಯಿ ಕೇಳಿದ ಪ್ರಶ್ನೆ ಇದು. "ನಮ್ ಹುಡುಗನ್ಗೆ ಫಿಟ್ಸ್ ಬತ್ತದೆ. ಮನೇಲಿರೋ ನಾಯಿ ಅವ್ನು ಬಿದ್ ತಕ್ಷಣ ಬೊಗಳಿ ನಮ್ಮನ್ನ ಕರೀತದೆ. ಅದುನ್ನ ಬಸ್ಸಿಗೆ, ಆಸ್ಪತ್ರೆಗೆ ಜೊತೇಲೇ ಕರ್ಕೊಂಡೋಗಕ್ಕೆ ಗೌರ್ಮೆಂಟ್ ಸರ್ಟಿಫಿಕೇಟ್ ಕೊಡ್ತರಂತಲ್ಲ, ಎಲ್ಲಿ ಮಾಡುಸ್ಬೇಕು?" ಜೊತೇಲಿ ಒಂದು ವೆಬ್‌ಸೈಟಿನ ಸ್ಕ್ರೀನ್‌ಶಾಟ್ ಬೇರೆ. ನಾಯಿ ಫೋಟೋ ಹಾಕಿ ದುಡ್ಡು ಕಟ್ಟಿದ್ರೆ ಐಡಿ ಕಾರ್ಡು, ಕೆಂಪು ಜಾಕೆಟ್ಟು, ಸೀಲ್ ಒತ್ತಿರೋ ಸರ್ಟಿಫಿಕೇಟು ಎಲ್ಲಾ ಮನೆ ಬಾಗ್ಲಿಗೇ ಬರುತ್ತಂತೆ.

ಮೊದಲನೇ ಮಾತು, ದುಡ್ಡು ಕಟ್ಬೇಡಿ. ಆ ಕಾರ್ಡಿಗೆ ನಮ್ಮ ದೇಶದಲ್ಲಿ ಬೆಲೆ ಇಲ್ಲ, ಅದನ್ನ ಮಾರೋರು ಹೆಸರು ಹೇಳ್ಕೊಳ್ಳೋ ಅಮೆರಿಕದಲ್ಲೂ ಬೆಲೆ ಇಲ್ಲ. ಆದ್ರೆ ಇಷ್ಟು ಹೇಳಿ ಸುಮ್ನಾದ್ರೆ ಆ ತಾಯಿಗೆ ಉತ್ತರ ಕೊಟ್ಟ ಹಾಗಾಗಲ್ಲ. ಯಾಕೆ ಬೆಲೆ ಇಲ್ಲ, ಬೇರೆ ದೇಶಗಳಲ್ಲಿ ಸರ್ಕಾರ ಏನು ಮಾಡಿದೆ, ನಮ್ಮಲ್ಲಿ ಕಾನೂನು ಎಲ್ಲಿ ತನಕ ಬಂದಿದೆ, ಇದನ್ನೆಲ್ಲ ಒಂದ್ಸಲ ಬಿಡಿಸಿ ನೋಡ್ಬೇಕು, ಯಾಕಂದ್ರೆ ಈ ವಿಷಯದಲ್ಲಿ ನಾಯಿಯ ಕಾಗದ ಬೇರೆ, ಮನುಷ್ಯನ ಹಕ್ಕು ಬೇರೆ, ಇವೆರಡನ್ನೂ ಕಲಸಿಬಿಟ್ರೆ ಕೊನೆಗೆ ನಷ್ಟ ಆಗೋದು ಆ ಮನುಷ್ಯನಿಗೇ.

ಸೇವಾ ನಾಯಿ ಅಂದ್ರೆ ಒಳ್ಳೆ ಸ್ವಭಾವದ ಸಾಕುನಾಯಿ ಅಷ್ಟೇ ಅಲ್ಲ. ಒಬ್ಬ ವ್ಯಕ್ತಿಯ ಅಂಗವೈಕಲ್ಯಕ್ಕೆ ಸಂಬಂಧಪಟ್ಟ ಒಂದು ನಿರ್ದಿಷ್ಟ ಕೆಲಸವನ್ನ ಕಲಿತಿರೋ ನಾಯಿ. ಇದು ಶುರುವಾಗಿದ್ದು ಮೊದಲನೇ ಮಹಾಯುದ್ಧದ ಕಾಲದಲ್ಲಿ, ಕಣ್ಣು ಕಳ್ಕೊಂಡ ಸೈನಿಕರಿಗೆ ಅಂತ ಜರ್ಮನಿಯ ಓಲ್ಡೆನ್‌ಬರ್ಗ್‌ನಲ್ಲಿ 1916ರಲ್ಲಿ ಒಂದು ಶಾಲೆ ತೆರೆದ್ರು, ಆಮೇಲೆ 1929ರಲ್ಲಿ ಅಮೆರಿಕದಲ್ಲಿ 'ದಿ ಸೀಯಿಂಗ್ ಐ' ಅನ್ನೋ ಶಾಲೆ ಬಂತು. ಈಗ ಕಣ್ಣಿಗಷ್ಟೇ ಅಲ್ಲ. ಕಿವಿ ಕೇಳದವರಿಗೆ ಕಾಲಿಂಗ್ ಬೆಲ್ಲೋ, ಮಗು ಅಳೋದೋ ಕೇಳಿದ್ರೆ ಬಂದು ಮುಟ್ಟಿ ಆ ಶಬ್ದದ ಕಡೆಗೆ ಕರ್ಕೊಂಡು ಹೋಗೋ ನಾಯಿಗಳಿವೆ. ವೀಲ್‌ಚೇರ್‌ನಲ್ಲಿರೋರಿಗೆ ಬಿದ್ದ ಫೋನ್ ಎತ್ತಿಕೊಡೋ, ಬಾಗಿಲು ಎಳೆಯೋ ನಾಯಿಗಳಿವೆ. ಶುಗರ್ ಇಳಿದಾಗ ಎಚ್ಚರಿಸೋಕೆ ಟ್ರೈನ್ ಮಾಡಿದ ನಾಯಿಗಳೂ ಇವೆ.

ಕೆಲಸ ಅಂದ್ರೆ ಏನು ಅಂತ ನಮ್ಮೂರಿನ ರಸ್ತೆ ಮೇಲೇ ಇಟ್ಟು ನೋಡೋಣ. ಮೈಸೂರಿನ ತಿಲಕ್ ನಗರದಲ್ಲಿ 1901ರಿಂದ ನಡೀತಿರೋ ಸರ್ಕಾರಿ ಅಂಧ ಮಕ್ಕಳ ಶಾಲೆ ಇದೆಯಲ್ಲ, ಅಲ್ಲಿ ಓದಿದ ಒಬ್ಬರು ಸಯ್ಯಾಜಿರಾವ್ ರಸ್ತೆ ಹಿಡಿದು ದೇವರಾಜ ಮಾರ್ಕೆಟ್ ಕಡೆ ನಡೀತಿದ್ದಾರೆ ಅಂತ ಇಟ್ಕೊಳ್ಳಿ, ಎಡಗೈಯಲ್ಲಿ ನಾಯಿಯ ಬೆನ್ನಿಗೆ ಕಟ್ಟಿದ ಗಟ್ಟಿ ಹಿಡಿ. ಜನ ಏನಂದ್ಕೊಳ್ತಾರೆ ಅಂದ್ರೆ ನಾಯಿಗೆ ದಾರಿ ಗೊತ್ತು, ಸಿಗ್ನಲ್ ನೋಡಿ ಅದೇ ದಾಟಿಸುತ್ತೆ ಅಂತ. ಹಾಗಲ್ಲ. ದಾರಿ ಗೊತ್ತಿರೋದು ಮನುಷ್ಯನಿಗೆ. ಎಲ್ಲಿ ತಿರುಗ್ಬೇಕು, ಯಾವಾಗ ದಾಟ್ಬೇಕು ಅಂತ ಗಾಡಿಗಳ ಸದ್ದು ಕೇಳಿ ತೀರ್ಮಾನ ಮಾಡೋದು ಅವರೇ, ಮುಂದೆ ನಡಿ ಅನ್ನೋದೂ ಅವರೇ. ನಾಯಿ ನೋಡ್ಕೊಳ್ಳೋದು ನಡುವೆ ಬರೋ ಅಡ್ಡಿಗಳನ್ನ. ಫುಟ್‌ಪಾತ್ ಮೇಲೆ ನಿಲ್ಲಿಸಿರೋ ಸ್ಕೂಟರು, ಹೂವಿನ ಬುಟ್ಟಿ ಇಟ್ಕೊಂಡು ಕೂತಿರೋರು, ಚಪ್ಪಡಿ ಎದ್ದಿರೋ ಮೋರಿ, ಇದನ್ನೆಲ್ಲ ಬಳಸಿ ಕರ್ಕೊಂಡು ಹೋಗುತ್ತೆ. ಮೆಟ್ಟಿಲು ಬಂದ್ರೆ ನಿಲ್ಲುತ್ತೆ, ಅವರು ಕಾಲಲ್ಲಿ ತಡವಿ ನೋಡೋ ತನಕ ಅಲ್ಲಾಡಲ್ಲ. ಅಂಗಡಿ ಮುಂದೆ ತಲೆ ಮಟ್ಟಕ್ಕೆ ಇಳಿಬಿಟ್ಟಿರೋ ತಗಡಿನ ಶೀಟು ನಾಯಿಗೇನೂ ತಾಗಲ್ಲ, ಅದು ಆರಾಮಾಗಿ ಅಡೀಲಿ ತೂರಿ ಹೋಗ್ಬಹುದು. ಆದ್ರೂ ಜೊತೇಲಿರೋರ ಹಣೆಗೆ ಬಡಿಯುತ್ತೆ ಅಂತ ಅದು ಪಕ್ಕಕ್ಕೆ ಸರಿಯುತ್ತೆ. ತನ್ನ ಎತ್ತರದ ಲೆಕ್ಕ ಬಿಟ್ಟು ಇನ್ನೊಬ್ಬರ ಎತ್ತರದ ಲೆಕ್ಕ ಇಟ್ಕೊಳ್ಳೋದನ್ನ ಒಂದು ಪ್ರಾಣಿಗೆ ಕಲಿಸೋದು ಸುಲಭದ ಮಾತಲ್ಲ.

ಇನ್ನೂ ಕಷ್ಟದ್ದು ಒಂದಿದೆ, ಮಾತು ಕೇಳದೇ ಇರೋದನ್ನ ಕಲಿಸೋದು. ಸದ್ದೇ ಮಾಡದ ಎಲೆಕ್ಟ್ರಿಕ್ ಸ್ಕೂಟರ್ ಬರ್ತಿದೆ, ಯಜಮಾನರಿಗೆ ಕೇಳಿಸಿಲ್ಲ, ನಡಿ ಅಂತಾರೆ, ನಾಯಿ ಕದಲಲ್ಲ. ಹೇಳಿದ್ದು ತಪ್ಪು ಅಂತ ಗೊತ್ತಾದಾಗ ಅದು ಆ ಮಾತನ್ನ ಮೀರ್ಲೇಬೇಕು. ಇದಕ್ಕೇ ಮರಿಯಾಗಿದ್ದಾಗಿಂದ ಲೆಕ್ಕ ಹಾಕಿದ್ರೆ ತಯಾರಾಗೋಕೆ ಸುಮಾರು ಎರಡು ವರ್ಷ ಹಿಡಿಯುತ್ತೆ. ಮೊದಲ ಒಂದು ವರ್ಷ ಯಾರದೋ ಮನೇಲಿ ಜನ, ಟ್ರಾಫಿಕ್ಕು, ಗದ್ದಲ ಅಭ್ಯಾಸ ಮಾಡಿಸಿ, ಆಮೇಲೆ ಶಾಲೇಲಿ ಟ್ರೈನಿಂಗ್ ಕೊಟ್ಟು, ಕೊನೆಗೆ ಆ ನಾಯಿಗೂ ಅದನ್ನ ಬಳಸೋ ವ್ಯಕ್ತಿಗೂ ಒಟ್ಟಿಗೇ ತರಬೇತಿ ಕೊಡ್ತಾರೆ. ಎಷ್ಟೋ ನಾಯಿಗಳು ಮಧ್ಯದಲ್ಲೇ ಫೇಲ್ ಆಗ್ತವೆ.

ಮನಸ್ಸಿಗೆ ಸಮಾಧಾನ ಕೊಡೋ ನಾಯಿ ಈ ಲೆಕ್ಕಕ್ಕೆ ಬರಲ್ಲ. ಪಕ್ಕದಲ್ಲಿ ಇದ್ರೆ ಧೈರ್ಯ, ಒಂಟಿತನ ಹೋಗುತ್ತೆ ಅನ್ನೋದು ನಿಜವಾದ ಉಪಕಾರವೇ, ಅದನ್ನ ಚಿಕ್ಕದು ಮಾಡ್ತಿಲ್ಲ. ಆದ್ರೆ ಬರೀ ಇರೋದರಿಂದ ಸಿಗೋ ನೆಮ್ಮದಿ ಬೇರೆ, ಪ್ಯಾನಿಕ್ ಅಟ್ಯಾಕ್ ಶುರುವಾದ ಕೂಡಲೇ ಮೈಮೇಲೆ ಭಾರ ಹಾಕಿ ಮಲಗ್ಬೇಕು ಅಂತ ಕಲಿಸಿರೋದು ಬೇರೆ, ಎರಡನೇದು ಕೆಲಸ. ಆಸ್ಪತ್ರೆ, ವೃದ್ಧಾಶ್ರಮಕ್ಕೆ ಹೋಗಿ ಎಲ್ಲರನ್ನೂ ಖುಷಿಪಡಿಸೋ ಥೆರಪಿ ನಾಯಿಗಳದ್ದು ಮೂರನೇ ಜಾತಿ, ಅವು ಅಲ್ಲಿನವರು ಕರೆದ್ರೆ ಮಾತ್ರ ಹೋಗೋದು. ಫಿಟ್ಸ್ ವಿಷಯಕ್ಕೆ ಬಂದ್ರೆ, ಮುಂಚೆನೇ ವಾಸನೆ ಹಿಡಿದು ಹೇಳೋದನ್ನ ಯಾವ ನಾಯಿಗೂ ಗ್ಯಾರಂಟಿಯಾಗಿ ಕಲಿಸೋಕಾಗಲ್ಲ, ಬಂದ್ಮೇಲೆ ಪಕ್ಕದಲ್ಲೇ ನಿಲ್ಲೋದು, ಬೊಗಳಿ ಯಾರನ್ನಾದ್ರೂ ಕರೆಯೋದು ಕಲಿಸ್ಬಹುದು. ಆ ಮನೆ ನಾಯಿ ತಾನಾಗೇ ಅದನ್ನ ಮಾಡ್ತಿದೆ ಅಂದ್ರೆ ಅದಕ್ಕೆ ಇನ್ನೂ ಬೇಕಾಗಿರೋದು ಮುಖ್ಯವಾಗಿ ಹೊರಗಡೆ ಗದ್ದಲದಲ್ಲಿ ಶಿಸ್ತಾಗಿರೋ ತರಬೇತಿ.

ಈಗ ಸರ್ಕಾರಗಳ ಮಾತು. ಎಲ್ಲರೂ ಉದಾಹರಣೆ ಕೊಡೋದು ಅಮೆರಿಕದ್ದು, ಅಲ್ಲಿ ಅಂಗವಿಕಲರ ಹಕ್ಕಿಗೆ ಅಂತ ಇರೋದು 1990ರ ಎಡಿಎ ಕಾನೂನು. ಅದರ ಕೆಳಗಿನ ನಿಯಮಗಳ ಪ್ರಕಾರ, 2011ರಿಂದ ಜಾರಿಯಾಗಿರೋ ಹಾಗೆ, ಸೇವಾ ಪ್ರಾಣಿ ಅಂದ್ರೆ ನಾಯಿ ಮಾತ್ರ, ಜೊತೆಗೆ ಕುಳ್ಳ ಜಾತಿಯ ಕುದುರೆಗೆ ಪ್ರತ್ಯೇಕ ಅವಕಾಶ ಇದೆ. ಜನಕ್ಕೆ ಆಶ್ಚರ್ಯ ಆಗೋ ವಿಷಯ ಏನಂದ್ರೆ ಅಲ್ಲಿ ಸರ್ಕಾರ ಯಾವ ನಾಯಿಗೂ ಸರ್ಟಿಫಿಕೇಟ್ ಕೊಡಲ್ಲ, ರಿಜಿಸ್ಟರ್ ಮಾಡ್ಸಿ ಅಂತಾನೂ ಕೇಳಲ್ಲ, ಶಾಲೆಗೇ ಕಳಿಸ್ಬೇಕು ಅಂತನೂ ಇಲ್ಲ, ಬೇಕಾದೋರು ತಾವೇ ಟ್ರೈನ್ ಮಾಡ್ಕೋಬಹುದು. ಹೋಟ್ಲು, ಅಂಗಡಿ, ಆಸ್ಪತ್ರೆಯವರು ಅಂಗವೈಕಲ್ಯ ಕಣ್ಣಿಗೆ ಕಾಣದೇ ಇದ್ದಾಗ ಎರಡೇ ಪ್ರಶ್ನೆ ಕೇಳ್ಬಹುದು: ಈ ನಾಯಿ ನಿಮ್ಮ ಅಂಗವೈಕಲ್ಯದ ಕಾರಣಕ್ಕೆ ಬೇಕಾಗಿದೆಯಾ, ಅದು ಏನು ಕೆಲಸ ಕಲಿತಿದೆ. ಅಷ್ಟೇ. ನಿಮಗೇನು ಕಾಯಿಲೆ ಅಂತ ಕೇಳೋ ಹಾಗಿಲ್ಲ, ಕಾಗದ ತೋರ್ಸಿ ಅನ್ನೋ ಹಾಗಿಲ್ಲ, ಎಲ್ಲಿ ಇಲ್ಲೇ ಮಾಡಿ ತೋರ್ಸು ಅಂತ ಪರೀಕ್ಷೆ ಮಾಡೋ ಹಾಗಿಲ್ಲ. ಪಕ್ಕದ ಟೇಬಲ್ಲಿನವರಿಗೆ ನಾಯಿ ಅಂದ್ರೆ ಭಯ, ಅಲರ್ಜಿ ಅನ್ನೋದೂ ಕಾರಣ ಆಗಲ್ಲ.

ಹಾಗಂತ ನಾಯಿ ಏನು ಮಾಡಿದ್ರೂ ಸಹಿಸ್ಬೇಕು ಅಂತಲ್ಲ. ಹತೋಟಿ ತಪ್ಪಿ ಹಾರಾಡ್ತಿದೆ, ಯಜಮಾನರು ಹಿಡಿಯೋ ಪ್ರಯತ್ನನೂ ಮಾಡ್ತಿಲ್ಲ, ಇಲ್ಲಾ ಒಳಗಡೆ ಗಲೀಜು ಮಾಡುತ್ತೆ ಅಂದ್ರೆ ನಾಯಿಯನ್ನ ಹೊರಗೆ ಕಳಿಸ್ಬಹುದು, ಆಗಲೂ ಆ ವ್ಯಕ್ತಿಗೆ ನಾಯಿ ಇಲ್ಲದೇ ಸೇವೆ ಪಡೆಯೋ ಅವಕಾಶ ಕೊಡ್ಬೇಕು. ಆಸ್ಪತ್ರೆ ವಾರ್ಡಿಗೆ ಬರ್ಬಹುದು, ಆಪರೇಷನ್ ಥಿಯೇಟರಿಗೆ ಇಲ್ಲ. ಧಾರ್ಮಿಕ ಸಂಸ್ಥೆಗಳಿಗೆ ಎಡಿಎಯ ಈ ನಿಯಮ ಅನ್ವಯ ಆಗಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ, ಈ ವಿಷಯ ಎತ್ತಿದ ತಕ್ಷಣ ನಮ್ಮಲ್ಲಿ ಯಾರಾದ್ರೂ ಒಬ್ರು "ಹಂಗಾರೆ ಚಾಮುಂಡಿ ಗುಡಿ ಒಳಕ್ಕೂ ಬುಡ್ಬೇಕಾ" ಅಂತ ಕೇಳೇ ಕೇಳ್ತಾರೆ, ಚರ್ಚೆ ಅಲ್ಲಿಗೇ ಕೆಟ್ಟು ಹೋಗುತ್ತೆ. ಬಸ್ಸು, ಆಸ್ಪತ್ರೆ, ಸರ್ಕಾರಿ ಆಫೀಸು, ಕಾಲೇಜು, ಇಷ್ಟರ ಬಗ್ಗೆ ಮೊದಲು ಮಾತಾಡೋಣ.

ಈ ನಂಬಿಕೆ ಮೇಲೆ ನಡೆಯೋ ಪದ್ಧತಿಯಲ್ಲಿ ಒಂದು ತೂತಿದೆ. ಕಾಗದ ಕೇಳೋ ಹಾಗಿಲ್ಲ ಅಂದಾಗ ಸುಳ್ಳು ಹೇಳೋರು ಹುಟ್ಕೊಂಡ್ರು, ಸಾಕುನಾಯಿಗೆ ಜಾಕೆಟ್ ಹಾಕಿ ಎಲ್ಲಾ ಕಡೆ ಕರ್ಕೊಂಡು ಹೋಗೋಕೆ ಶುರು ಮಾಡಿದ್ರು, ಅವರಿಗೆ ಕಾರ್ಡ್ ಮಾರೋ ವೆಬ್‌ಸೈಟುಗಳು ಬಂದ್ವು. ವಿಮಾನಗಳಲ್ಲಿ ಇದು ಮಿತಿ ಮೀರಿತ್ತು, 2018ರಲ್ಲಿ ನ್ಯೂವಾರ್ಕ್ ಏರ್‌ಪೋರ್ಟಿಗೆ ಒಬ್ಬರು ಭಾವನಾತ್ಮಕ ಆಸರೆಗೆ ಅಂತ ನವಿಲನ್ನೇ ತಂದಿದ್ರು. ಕೊನೆಗೆ ಅಲ್ಲಿನ ಸಾರಿಗೆ ಇಲಾಖೆ 2021ರ ಜನವರಿಯಿಂದ ನಿಯಮ ಬದಲಾಯಿಸಿ, ವಿಮಾನದ ಮಟ್ಟಿಗೆ ಟ್ರೈನ್ ಆದ ನಾಯಿ ಮಾತ್ರ ಸೇವಾ ಪ್ರಾಣಿ, ಅದರ ಆರೋಗ್ಯ, ನಡವಳಿಕೆ, ತರಬೇತಿ ಬಗ್ಗೆ ಪ್ರಯಾಣಿಕರೇ ಸಹಿ ಹಾಕಿದ ಫಾರಂ ಕೇಳ್ಬಹುದು ಅಂತ ಮಾಡ್ತು. ಹಲವು ರಾಜ್ಯಗಳು ಸುಳ್ಳು ಸೇವಾ ನಾಯಿ ತೋರಿಸೋದನ್ನ ಶಿಕ್ಷೆಗೆ ಒಳಪಡೋ ತಪ್ಪು ಅಂತ ಮಾಡಿವೆ. ಸುಳ್ಳು ನಾಯಿಯೊಂದು ಯಾರನ್ನೋ ಕಚ್ಚಿದ್ರೆ ಮಾರನೇ ದಿನ ಅದೇ ಬಾಗಿಲಲ್ಲಿ ನಿಲ್ಲಿಸೋದು ನಿಜವಾಗಿ ಕಣ್ಣು ಕಾಣದೋರನ್ನ.

ಜಪಾನ್ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ 2002ರಲ್ಲಿ ಸಹಾಯಕ ನಾಯಿಗಳಿಗೇ ಅಂತ ಪ್ರತ್ಯೇಕ ಕಾನೂನು ಮಾಡಿ ಕಣ್ಣು, ಕಿವಿ, ದೈಹಿಕ ಅಂಗವೈಕಲ್ಯ ಅಂತ ಮೂರು ವಿಧ ಗುರುತಿಸಿದ್ರು. ಸರ್ಕಾರ ಗೊತ್ತುಪಡಿಸಿದ ಸಂಸ್ಥೆಯ ಮಾನ್ಯತೆ ಬೇಕು, ನಾಯಿ ಮೇಲೆ ಗುರುತು ಕಾಣ್ಬೇಕು, ಕಾಗದ ಜೊತೇಲಿರ್ಬೇಕು. ಅದಕ್ಕೆ ಪ್ರತಿಯಾಗಿ ಹೋಟ್ಲು, ಅಂಗಡಿ, ರೈಲು ಯಾರೂ ಬೇಡ ಅನ್ನೋ ಹಾಗಿಲ್ಲ. ಕೇಳೋಕೆ ಅಚ್ಚುಕಟ್ಟು. ಆದ್ರೆ ಇಪ್ಪತ್ತು ವರ್ಷ ಕಳೆದ್ರೂ ಇಡೀ ದೇಶದಲ್ಲಿ ಮಾನ್ಯತೆ ಪಡೆದ ಕಿವಿ ನಾಯಿಗಳು ನೂರರ ಗಡಿ ದಾಟಿಲ್ಲ. ಮಾನಸಿಕ ಕಾಯಿಲೆಗೆ, ಶುಗರ್‌ಗೆ ನೆರವಾಗೋ ನಾಯಿಗಳು ಆ ಮೂರು ವಿಧದಲ್ಲಿ ಬರೋದೇ ಇಲ್ಲ.

ಇನ್ನು ಇಂಟರ್‌ನ್ಯಾಷನಲ್ ಗೈಡ್ ಡಾಗ್ ಫೆಡರೇಷನ್, ಅಸಿಸ್ಟೆನ್ಸ್ ಡಾಗ್ಸ್ ಇಂಟರ್‌ನ್ಯಾಷನಲ್ ಅಂತ ಎರಡು ಹೆಸರು ಕೇಳಿರ್ತೀರಿ. ಇವು ಸರ್ಕಾರಗಳಲ್ಲ, ತರಬೇತಿ ಶಾಲೆಗಳ ಒಕ್ಕೂಟಗಳು. ಇವು ತಪಾಸಣೆ ಮಾಡಿ ಮಾನ್ಯತೆ ಕೊಡೋದು ಶಾಲೆಗೆ. ನನಗೆ ಇದೇ ಸರಿಯಾದ ಜಾಗ ಅನ್ಸುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ನಮ್ಮ ದೇಶಕ್ಕೆ ಬರೋಣ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಸೇವಾ ಪ್ರಾಣಿಗಳಿಗೆ ಅಂತ ಬೇರೆ ಅಧ್ಯಾಯ ಇಲ್ಲ, ಸರ್ಟಿಫಿಕೇಟ್ ಕೊಡೋ ಅಧಿಕಾರಿ ಇಲ್ಲ, ಫಾರಂ ಇಲ್ಲ. ಜಿಲ್ಲಾ ಇಲಾಖೆಗೆ ಹೋಗಿ ನಾಯಿಗೆ ಕಾರ್ಡ್ ಕೇಳಿದ್ರೆ ಅವರ ಹತ್ರ ಕೊಡೋಕೆ ಏನೂ ಇಲ್ಲ. ಪಾಲಿಕೆಯ ನಾಯಿ ಲೈಸೆನ್ಸು, ರೇಬಿಸ್ ಲಸಿಕೆ ಪುಸ್ತಕ ಇವೆಲ್ಲ ಸಾಕುಪ್ರಾಣಿ ಲೆಕ್ಕದ ಕಾಗದ.

ಹಾಗಂತ ಕಾನೂನು ಕೈ ಖಾಲಿ ಬಿಟ್ಟಿಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಒಡಂಬಡಿಕೆಯ 20ನೇ ವಿಧಿಯಲ್ಲಿ ಓಡಾಟಕ್ಕೆ ಬೇಕಾದ ಸಾಧನಗಳ ಜೊತೆಗೆ ಜೀವಂತ ನೆರವಿನ ಮಾತೂ ಇದೆ. 2016ರ ಕಾಯ್ದೆಯ 3ನೇ ಸೆಕ್ಷನ್ ತಾರತಮ್ಯ ಮಾಡೋ ಹಾಗಿಲ್ಲ ಅನ್ನುತ್ತೆ, 2ನೇ ಸೆಕ್ಷನ್ನಿನಲ್ಲಿ ತಾರತಮ್ಯ ಅಂದ್ರೆ ಏನು ಅಂತ ಬರೆದಿರೋ ಕಡೆ, ಒಬ್ಬ ವ್ಯಕ್ತಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡದೇ ಇರೋದೂ ತಾರತಮ್ಯವೇ ಅಂತ ಸ್ಪಷ್ಟವಾಗಿದೆ. ಎದುರಿನವರ ಮೇಲೆ ತಡೆಯಲಾರದಷ್ಟು ಹೊರೆ ಬೀಳ್ಬಾರದು ಅನ್ನೋದು ಆ ಹೊಂದಾಣಿಕೆಗಿರೋ ಮಿತಿ. ಕಣ್ಣು ಕಾಣದೋರು ನಾಯಿ ಜೊತೆ ಬ್ಯಾಂಕಿಗೆ ಬಂದ್ರೆ, ಆ ನಾಯಿ ಕುರ್ಚಿ ಕೆಳಗೆ ಹತ್ತು ನಿಮಿಷ ಮಲಗೋಕೆ ಬಿಡೋದು ಬ್ಯಾಂಕಿಗೆ ಯಾವ ಹೊರೆ? ಬಿಳಿ ಕೋಲು ಹಿಡ್ಕೊಂಡು ಬಂದೋರನ್ನ ಕೋಲಿನ ಸರ್ಟಿಫಿಕೇಟ್ ತೋರ್ಸಿ ಅಂತ ಯಾರೂ ಬಾಗಿಲಲ್ಲಿ ತಡೆಯಲ್ಲ.

2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ವಿಕಾಶ್ ಕುಮಾರ್ ಅನ್ನೋರ ಕೇಸಲ್ಲಿ ಕೊಟ್ಟ ತೀರ್ಪು ಇಲ್ಲಿ ತುಂಬಾ ಮುಖ್ಯ. ಅವರಿಗೆ ಬರೆಯುವಾಗ ಕೈ ಹಿಡಿದುಕೊಳ್ಳೋ ತೊಂದರೆ, ಯುಪಿಎಸ್‌ಸಿ ಪರೀಕ್ಷೆಗೆ ಬರೆದುಕೊಡೋರನ್ನ ಕೇಳಿದ್ರೆ ಶೇಕಡ 40ರ ಬೆಂಚ್‌ಮಾರ್ಕ್ ಅಂಗವೈಕಲ್ಯ ಇಲ್ಲ ಅಂತ ಕೊಡ್ಲಿಲ್ಲ. ಕೋರ್ಟು ಹೇಳಿದ್ದು, ಮೀಸಲಾತಿಗೆ ಆ 40ರ ಲೆಕ್ಕ ಇರ್ಲಿ, ಸೂಕ್ತ ಹೊಂದಾಣಿಕೆ ಪಡೆಯೋಕೆ ಅದು ಬೇಕಿಲ್ಲ, ವ್ಯಕ್ತಿ ವ್ಯಕ್ತಿಯ ಅಗತ್ಯ ನೋಡ್ಬೇಕು ಅಂತ. ಫಿಟ್ಸ್ ಇರೋ ಆ ಮಂಡ್ಯದ ಹುಡುಗನಂಥವರಿಗೆ ಇದು ನೇರವಾಗಿ ತಾಗುತ್ತೆ, ಯಾಕಂದ್ರೆ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಫಿಟ್ಸ್ ಅಂತ ಪ್ರತ್ಯೇಕ ಹೆಸರಿಲ್ಲ, ಶುಗರ್ ಕೂಡ ಇಲ್ಲ. ನಾಳೆ ಯಾರಾದ್ರೂ ಯುಡಿಐಡಿ ಕಾರ್ಡ್, ಅಂದ್ರೆ ಸರ್ಕಾರ ಕೊಡೋ ಅಂಗವೈಕಲ್ಯದ ಗುರುತಿನ ಚೀಟಿ, ಇದ್ರೆ ಮಾತ್ರ ನಾಯಿಗೆ ಪ್ರವೇಶ ಅಂತ ನಿಯಮ ಮಾಡಿದ್ರೆ ಇಂಥೋರೆಲ್ಲ ಹೊರಗೇ ಉಳೀತಾರೆ.

ನಮ್ಮಲ್ಲಿ ಬರವಣಿಗೆಯಲ್ಲಿ ಸ್ಪಷ್ಟವಾಗಿ ಇರೋದು ವಿಮಾನಕ್ಕೆ. ವಿಮಾನಯಾನ ನೋಡ್ಕೊಳ್ಳೋ ಕೇಂದ್ರದ ಡಿಜಿಸಿಎ ನಿಯಮದಲ್ಲಿ ಮಾರ್ಗದರ್ಶಿ ನಾಯಿಯನ್ನ ಕ್ಯಾಬಿನ್ ಒಳಗೆ, ಪ್ರಯಾಣಿಕರ ಕಾಲ ಬಳಿ, ಹೆಚ್ಚುವರಿ ಚಾರ್ಜ್ ಇಲ್ಲದೇ ಕರ್ಕೊಂಡು ಹೋಗೋಕೆ ಅವಕಾಶ ಇದೆ, ತರಬೇತಿ ಮತ್ತು ಲಸಿಕೆಯ ದಾಖಲೆ ಕೇಳ್ತಾರೆ. ಆದ್ರೆ ಮೈಸೂರಿನ ಮಂಡಕಳ್ಳಿ ಏರ್‌ಪೋರ್ಟಿಂದ ಎಷ್ಟು ಜನ ಹಾರ್ತಾರೆ, ಮಂಡ್ಯ ಬಸ್ ಸ್ಟ್ಯಾಂಡಿಂದ ಎಷ್ಟು ಜನ ಹತ್ತಾರೆ? ಬಸ್ಸಲ್ಲಿ ನಾಯಿ ಅಂದ್ರೆ ಲಗೇಜ್ ನಿಯಮ, ಕೆಎಸ್‌ಆರ್‌ಟಿಸಿ 2022ರಲ್ಲಿ ಅದನ್ನ ಅರ್ಧ ಟಿಕೆಟ್ಟಿಗೆ ಇಳಿಸ್ತು, ಒಳ್ಳೇದೇ, ಆದ್ರೆ ಅದೂ ಸಾಕುನಾಯಿ ಅನ್ನೋ ಲೆಕ್ಕದಲ್ಲೇ. ರೈಲಲ್ಲಿ ಸಾಮಾನ್ಯವಾಗಿ ನಾಯಿ ಹೋಗೋದು ಫಸ್ಟ್ ಎಸಿ ಕ್ಯಾಬಿನ್ ಪೂರ್ತಿ ತಗೊಂಡ್ರೆ, ಇಲ್ಲಾಂದ್ರೆ ಬ್ರೇಕ್ ವ್ಯಾನಿನ, ಅಂದ್ರೆ ಲಗೇಜ್ ಬೋಗಿಯ, ಪೆಟ್ಟಿಗೆಯಲ್ಲಿ. ದಾರಿ ತೋರಿಸೋ ನಾಯಿ ಬ್ರೇಕ್ ವ್ಯಾನಲ್ಲಿದ್ರೆ ಪ್ಲಾಟ್‌ಫಾರಂನಲ್ಲಿ ದಾರಿ ತೋರಿಸೋದು ಯಾರು?

ಇದರ ಮಧ್ಯೆ ಬೀದಿನಾಯಿ ಗಲಾಟೆ ಬೇರೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್‌ಗಳಿಂದ ಬೀದಿನಾಯಿಗಳನ್ನ ತೆಗೀಬೇಕು, ಒಳಗೆ ಬರದ ಹಾಗೆ ನೋಡ್ಕೋಬೇಕು ಅಂತ ಹೇಳಿದೆ. ಮಾರ್ಗದರ್ಶಿ ನಾಯಿ ಬಳಸೋರಿಗೆ ಬೀದಿನಾಯಿ ಗುಂಪೇ ದೊಡ್ಡ ಅಪಾಯ ಅನ್ನೋದು ನಿಜ, ಮೈಮೇಲೆ ಬಿದ್ರೆ ವರ್ಷಗಟ್ಟಲೆ ಮಾಡಿದ ಟ್ರೈನಿಂಗ್ ಒಂದೇ ದಿನದಲ್ಲಿ ಹಾಳಾಗ್ಬಹುದು. ಆದ್ರೆ ಗೇಟಲ್ಲಿರೋ ಸೆಕ್ಯುರಿಟಿಗೆ ಹೋಗೋ ಸೂಚನೆ ಒಂದೇ, ನಾಯಿ ಒಳಗೆ ಬಿಡ್ಬೇಡ. ಅವರನ್ನ ಬೈದು ಪ್ರಯೋಜನ ಇಲ್ಲ. "ಸಾ, ಆರ್ಡ್ರಾಗದೆ, ನಾಯಿ ಬುಟ್ರೆ ನನ್ ಕೆಲ್ಸ ಹೋಯ್ತದೆ" ಅಂತಾರೆ, ಅವರು ಹೇಳೋದು ಸರಿಯಾಗೇ ಇದೆ. ಬೀದಿನಾಯಿ, ಸಾಕುನಾಯಿ ಬಿಟ್ರೆ ಮೂರನೇದೊಂದು ಇದೆ ಅಂತ ಅವರಿಗೆ ಲಿಖಿತವಾಗಿ ಯಾರೂ ಹೇಳಿಲ್ಲ.

ಹಾಗಾದ್ರೆ ನಮಗೆ ಎಂಥ ನಿಯಮ ಬೇಕು? ನಾಯಿಗೆ ಸರ್ಕಾರಿ ಸರ್ಟಿಫಿಕೇಟ್ ಕಡ್ಡಾಯ ಮಾಡೋದಕ್ಕೆ ನನ್ನ ವಿರೋಧ ಇದೆ. ಪರೀಕ್ಷೆ ಮಾಡೋ ಶಾಲೆ, ಪರಿಣಿತರು ಜಿಲ್ಲೇಲಿ ಇಲ್ಲದೇ ಕಾಗದ ಮಾತ್ರ ಕಡ್ಡಾಯ ಮಾಡಿದ್ರೆ ಒಂದೋ ಯಾರಿಗೂ ಸಿಗಲ್ಲ, ಇಲ್ಲಾ ದುಡ್ಡು ಕೊಟ್ಟೋರಿಗೆ ಸಿಗುತ್ತೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅಂತ ನಾಗಮಂಗಲ, ಕೆ.ಆರ್.ಪೇಟೆ ಹಳ್ಳಿಗಳಿಂದ ಬಸ್ ಬದಲಾಯಿಸ್ಕೊಂಡು ಬಂದು, ಡಾಕ್ಟ್ರು ಇವತ್ತಿಲ್ಲ ಮುಂದಿನ ವಾರ ಬನ್ನಿ ಅನ್ನಿಸ್ಕೊಂಡು ವಾಪಸ್ ಹೋಗೋ ಮನೆಗಳನ್ನ ಹತ್ತಿರದಿಂದ ನೋಡಿರೋರು ಇನ್ನೊಂದು ಕ್ಯೂ ಬೇಕು ಅನ್ನಲ್ಲ. ಮಾನ್ಯತೆ ತರಬೇತಿ ಕೊಡೋರಿಗೆ ಇರ್ಲಿ, ಶಾಲೆಗಳ ಗುಣಮಟ್ಟ ಸರ್ಕಾರ ನೋಡ್ಲಿ. ಬಾಗಿಲಲ್ಲಿ ಅಮೆರಿಕದ ಥರ ಆ ಎರಡು ಪ್ರಶ್ನೆ, ಜೊತೆಗೆ ರೇಬಿಸ್ ಲಸಿಕೆ ಪುಸ್ತಕ, ನಾಯಿ ಹತೋಟಿಯಲ್ಲಿದೆಯಾ ಅನ್ನೋ ಕಣ್ಣಳತೆ, ಇಷ್ಟು ಸಾಕು. ಮನೇಲೇ ಕಲಿಸಿದ ನಾಟಿ ನಾಯಿಗೂ ಜಾಗ ಇರ್ಬೇಕು, ಎಲ್ಲರೂ ಲ್ಯಾಬ್ರಡಾರ್ ತರೋಕಾಗಲ್ಲ, ಮಂಡ್ಯದ ಏಪ್ರಿಲ್ ಬಿಸಿಲಿಗೆ ನಮ್ಮ ನಾಯಿಗಳೇ ಹೆಚ್ಚು ತಡ್ಕೊಳ್ತವೆ. ಸುಳ್ಳು ಹೇಳೋರಿಗೆ ದಂಡ ಹಾಕ್ಲಿ, ಬೇಡ ಅನ್ನಲ್ಲ.

ಇದಕ್ಕೆ ಸಮಯವೂ ಕೂಡಿ ಬಂದಿದೆ. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಕೇಸಲ್ಲಿ ಸುಪ್ರೀಂ ಕೋರ್ಟು, ಸುಗಮ ಪ್ರವೇಶದ ಮಾನದಂಡಗಳು ಬರೀ ಸಲಹೆ ಥರ ಇದ್ರೆ ಸಾಲಲ್ಲ, ಕಡ್ಡಾಯ ನಿಯಮಗಳನ್ನ ರೂಪಿಸಿ ಅಂತ ಕೇಂದ್ರಕ್ಕೆ ಹೇಳ್ತು. ರ‍್ಯಾಂಪು, ಲಿಫ್ಟು, ಬ್ರೈಲ್ ಬೋರ್ಡಿನ ಜೊತೆ ಸೇವಾ ನಾಯಿಗೆ ಪ್ರವೇಶ ಅಂತ ಒಂದು ಸಾಲು ಅದರಲ್ಲಿ ಸೇರಿಸಿ ಅಂತ ಕೇಳೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಕೇಳ್ಬೇಕಾದೋರು ನಾವೇ, ಮೈಸೂರಿನ ವಿಕಲಚೇತನರ ಸಂಘಗಳು ಮನಸ್ಸು ಮಾಡಿದ್ರೆ ಒಂದು ಒಳ್ಳೆ ಮನವಿ ಬರೆಯೋದು ಕಷ್ಟ ಅಲ್ಲ.

ಅಲ್ಲೀ ತನಕ ಏನು ಮಾಡೋದು ಅಂದ್ರೆ, ಒಂದು ಫೈಲ್ ಇಟ್ಕೊಳ್ಳಿ. ಯುಡಿಐಡಿ ಇದ್ರೆ ಅದರ ಕಾಪಿ, ಇಲ್ಲದೇ ಇದ್ರೆ ಚಿಕಿತ್ಸೆ ಕೊಡ್ತಿರೋ ಡಾಕ್ಟರ್ ಹತ್ರ ಕಾಯಿಲೆ ಏನು, ನಾಯಿಯಿಂದ ಏನು ಸಹಾಯ ಆಗ್ತಿದೆ ಅಂತ ಬರೆಸಿದ ಪತ್ರ, ಲಸಿಕೆ ಪುಸ್ತಕ, ಪಾಲಿಕೆ ಅಥವಾ ಪಂಚಾಯ್ತಿ ಲೈಸೆನ್ಸ್ ಇದ್ರೆ ಅದು, ಟ್ರೈನರ್ ಇದ್ರೆ ಅವರ ಪತ್ರ, ನಾಯಿ ಕೆಲಸ ಮಾಡ್ತಿರೋ ಒಂದು ಸಣ್ಣ ವಿಡಿಯೋ ಫೋನಲ್ಲಿ. ಆಸ್ಪತ್ರೆಗೋ ಕಾಲೇಜಿಗೋ ಪದೇ ಪದೇ ಹೋಗ್ಬೇಕು ಅಂತಿದ್ರೆ ಗೇಟಲ್ಲಿ ನಿಂತು ವಾದ ಮಾಡೋ ಬದಲು ಮುಂಚೆನೇ ಮೇಲಿನವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ, ಅರ್ಜೀಲಿ 2016ರ ಕಾಯ್ದೆ, ಸೆಕ್ಷನ್ 3, ಸೂಕ್ತ ಹೊಂದಾಣಿಕೆ ಅನ್ನೋ ಮಾತು ಇರ್ಲೇಬೇಕು. ಬರೆಯೋಕೆ ಬರಲ್ಲ ಅಂದ್ರೆ ಪಂಚಾಯ್ತೀಲಿರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನ, ತಾಲ್ಲೂಕಲ್ಲಿರೋ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನ ಕೇಳಿ. ಇಲ್ಲ ಅಂದ್ರೆ ಯಾಕೆ ಅಂತ ಬರೆದುಕೊಡೋಕೆ ಹೇಳಿ. ಆ ಕಾಗದ ಇಟ್ಕೊಂಡು ಬೆಂಗಳೂರಲ್ಲಿರೋ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಕೊಡ್ಬಹುದು, ಅವರಿಗೆ ವಿಚಾರಣೆ ಮಾಡೋಕೆ ಸಿವಿಲ್ ಕೋರ್ಟಿನ ಅಧಿಕಾರಗಳಿವೆ, ಅವರು ಶಿಫಾರಸು ಕಳಿಸಿದ್ರೆ ಸಂಬಂಧಪಟ್ಟ ಕಚೇರಿ ಮೂರು ತಿಂಗಳ ಒಳಗೆ ಏನು ಕ್ರಮ ತಗೊಂಡ್ರಿ ಅಂತ ತಿಳಿಸ್ಬೇಕು. ಕಾಯ್ದೆ ಮೀರಿದ್ದಕ್ಕೆ ಸೆಕ್ಷನ್ 89ರಲ್ಲಿ ಮೊದಲನೇ ಸಲಕ್ಕೆ 10,000 ರೂಪಾಯಿ ತನಕ, ಮತ್ತೆ ಮಾಡಿದ್ರೆ 50,000ದಿಂದ 5 ಲಕ್ಷದ ತನಕ ದಂಡ ಇದೆ. ನಾಲ್ಕು ಜನರ ಎದುರು ಬೇಕಂತಲೇ ಅವಮಾನ ಮಾಡಿದ್ರೆ ಸೆಕ್ಷನ್ 92, ಅದು ಆರು ತಿಂಗಳಿಂದ ಐದು ವರ್ಷದ ತನಕ ಜೈಲಿನ ಅಪರಾಧ, ಅದಕ್ಕೆ ಸೀದಾ ಪೊಲೀಸ್ ಸ್ಟೇಷನ್ನಿಗೇ ಹೋಗ್ಬಹುದು.